ಕಾರು ಬರದ ದಾರಿ

ಅಮೆರಿಕದ ಮೇನ್ ರಾಜ್ಯದ ಅಕೇಡಿಯಾ ನ್ಯಾಷನಲ್ ಪಾರ್ಕ್. ಇವತ್ತು ಬೆಳಿಗ್ಗೆ ಈಗಲ್ ಲೇಕ್ ಸುತ್ತ ಸೈಕಲ್ ಹೊಡೆದೆ. ಸುಮಾರು 10 ಕಿಲೋಮೀಟರ್ ಜಲ್ಲಿ ದಾರಿ. ಕಾರು, ಬೈಕು ಯಾವುದಕ್ಕೂ ಪ್ರವೇಶವಿಲ್ಲ. ಚಕ್ರದಡಿ ಜಲ್ಲಿ ಚರಚರ ಅನ್ನುತ್ತಿತ್ತು, ಅಷ್ಟೇ ಸದ್ದು. ಮರಗಳ ಸಂದಿಯಲ್ಲಿ ನೀರು, ಅದರಾಚೆ ಬೆಟ್ಟ.

ಇಂಥ ದಾರಿಗಳು ಪಾರ್ಕ್‌ನಲ್ಲಿ 70 ಕಿಲೋಮೀಟರಿಗೂ ಜಾಸ್ತಿ ಇವೆ. ಕುದುರೆ ಗಾಡಿಗಳಿಗೆಂದು ಜಾನ್ ಡಿ. ರಾಕ್‌ಫೆಲರ್ ಜೂನಿಯರ್ 1913ರಿಂದ 1940ರವರೆಗೆ ಕಟ್ಟಿಸಿದ್ದು. ಅಂಚಿನಲ್ಲಿ ಸಾಲಾಗಿ ನಿಂತ ಗ್ರಾನೈಟ್ ಕಲ್ಲುಗಳಿಗೆ ಜನ ಪ್ರೀತಿಯಿಂದ 'ರಾಕ್‌ಫೆಲರ್ ಹಲ್ಲು' ಅನ್ನುತ್ತಾರೆ. ಈ ಜೂನಿಯರ್‌ನ ಅಪ್ಪ ಪೆಟ್ರೋಲಿಯಂ ವ್ಯಾಪಾರದ ದೊರೆ. ಮಗ ಕಾರು ಬೇಡವೆಂದು ಇಷ್ಟು ದಾರಿ ಮಾಡಿಸಿದ. ಏರು ಹತ್ತುವಾಗ ಅದೇ ಯೋಚನೆ.

ಪುಟ್ಟ ಹುಡುಗಿಯೊಬ್ಬಳು ದಾರಿಯ ನಟ್ಟನಡುವೆ ಸೈಕಲ್ ಕಲಿಯುತ್ತಿದ್ದಳು. ಅವಳಮ್ಮ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.