ನಡುರಾತ್ರಿ ಮಾತ್ರ ಕೆಂಪಾಗುತ್ತಿದ್ದ ಬಿಲ್ಡ್

ಆರಿದ್ರೆ ಮಳೆ ಹಿಡಿದ ವಾರ. ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಹಗಲು ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಎರಡೂ ಒಟ್ಟಿಗೆ ಸಿಗುತ್ತಿದ್ದದ್ದು ನಡುರಾತ್ರಿ. ತೋಟದ ಮಳೆ ಲೆಕ್ಕ ಬರೆದಿಡಲು ನಾನೂ ಹಾಸನದ ಗೆಳೆಯನೂ ಸೇರಿ ಮಾಡುತ್ತಿದ್ದ ಪುಟ್ಟ ಆ್ಯಪ್‌ನ ಕೋಡನ್ನು ಆಗಲೇ ಪುಶ್ ಮಾಡುತ್ತಿದ್ದೆ, ಅಂದರೆ ನೆಟ್ ಮೂಲಕ ಗಿಟ್‌ಹಬ್‌ಗೆ ಕಳಿಸುತ್ತಿದ್ದೆ.

ಲ್ಯಾಪ್‌ಟಾಪಿನಲ್ಲಿ ಕೋಡನ್ನು ಪರೀಕ್ಷಿಸುವ ಎಲ್ಲ ಟೆಸ್ಟೂ ಪಾಸ್. ಕಳಿಸಿದ ಕೋಡಿನ ಮೇಲೆ ಇವೇ ಟೆಸ್ಟುಗಳನ್ನು ತನ್ನ ಯಂತ್ರದಲ್ಲಿ ಓಡಿಸುವ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಒಂದೇ ಒಂದು ಫೇಲ್. ಅಲ್ಲಿನ ಇಂಥ ಪ್ರತಿ ಓಟವೂ ಒಂದು ಬಿಲ್ಡ್: ಎಲ್ಲ ಪಾಸಾದರೆ ಹಸಿರು, ಒಂದು ಬಿದ್ದರೂ ಕೆಂಪು. ಮೊದಲ ರಾತ್ರಿ ಕ್ಯಾಶ್ ಮೇಲೆ, ಅಂದರೆ ಹಿಂದಿನ ಓಟದಿಂದ ಉಳಿಸಿಟ್ಟ ಫೈಲುಗಳ ಮೇಲೆ, ಅನುಮಾನ ಬಂತು. ಬಿಲ್ಡ್ ಹೇಗೆ ಓಡಬೇಕೆಂದು ಹೇಳುವ ಬಿಲ್ಡ್ ಫೈಲಿನಿಂದ ಆ ಸಾಲನ್ನೇ ತೆಗೆದು ಮಲಗಿದೆ. ಬೆಳಗ್ಗೆ ಹತ್ತಕ್ಕೆ ಗೆಳೆಯ ಮತ್ತೆ ಓಡಿಸಿದಾಗ ಹಸಿರು. ಸರಿಹೋಯಿತೆಂದೇ ನಂಬಿದೆ. ಮರುರಾತ್ರಿ ಮತ್ತೆ ಕೆಂಪು. ನಮ್ಮ ಕೋಡಿನ ಭಾಷೆಯಾದ ಪೈಥಾನ್‌ನ ಆವೃತ್ತಿಯನ್ನು ಗಟ್ಟಿಮಾಡೋಣವೆಂದು ಅದೇ ಫೈಲಿನಲ್ಲಿ 3.10 ಎಂದು ಬರೆದೆ. ಉದ್ಧರಣ ಚಿಹ್ನೆ ಹಾಕದಿದ್ದರೆ, ಆ ಫೈಲನ್ನು ಬರೆಯುವ ರೂಪವಾದ ಯಾಮಲ್ ಅದನ್ನು ಸಂಖ್ಯೆ ಎಂದುಕೊಂಡು 3.1 ಮಾಡಿಬಿಡುತ್ತದೆ. ಅದನ್ನು ತಿದ್ದುವುದರಲ್ಲೇ ಒಂದು ರಾತ್ರಿ ಹೋಯಿತು. ಬೆಳಗಾದರೆ ಮತ್ತೆ ಹಸಿರು. ನನ್ನ ಪ್ರತಿ ತಪ್ಪು ಮದ್ದೂ ಬೆಳಗಿನ ಹೊತ್ತಿಗೆ ಫಲ ಕೊಟ್ಟಂತೆ ಕಾಣುತ್ತಿತ್ತು.

ನಾಲ್ಕನೇ ರಾತ್ರಿ ಬಿಲ್ಡ್ ಫೈಲನ್ನು ಮುಟ್ಟದೆ, ಫೇಲಾದ ಬಿಲ್ಡುಗಳ ಸಮಯವನ್ನಷ್ಟೇ ಹಾಳೆಯ ಮೇಲೆ ಬರೆದೆ. ಬಿಲ್ಡಿನ ದಾಖಲೆಯಲ್ಲಿದ್ದದ್ದು ಯುಟಿಸಿ, ಅಂದರೆ ಜಗತ್ತಿನ ಪ್ರಮಾಣ ಸಮಯ; ನಮ್ಮ ಸಮಯ ಬೇಕೆಂದರೆ ಐದೂವರೆ ಗಂಟೆ ಸೇರಿಸಬೇಕು. ಸೇರಿಸಿದಾಗ ಬಂದದ್ದು: 12.20, 1.40, 5.10. ಪಾಸಾದವುಗಳಲ್ಲಿ ಎಲ್ಲಕ್ಕಿಂತ ಬೇಗಿನದು 5.45. ಹಾಳೆ ನೋಡುತ್ತಲೇ ಎದೆ ಹಗುರಾಯಿತು.

ನಮ್ಮ ಕೋಡು ಇವತ್ತಿನ ತಾರೀಖನ್ನು ಭಾರತದ ಸಮಯವಲಯದಲ್ಲಿ ಲೆಕ್ಕ ಹಾಕುತ್ತದೆ. ನಾನು ಬರೆದ ಟೆಸ್ಟ್ ಮಾತ್ರ ಯಂತ್ರದ ತಾರೀಖನ್ನು ಕೇಳುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಎರಡೂ ಒಂದೇ. ಬಿಲ್ಡ್ ಓಡುವ ಯಂತ್ರದ ಗಡಿಯಾರ ಯುಟಿಸಿಯದ್ದು. ನಮಗೆ ಹನ್ನೆರಡು ಹೊಡೆದ ಮೇಲೂ ಐದೂವರೆವರೆಗೆ ಅಲ್ಲಿ ನಿನ್ನೆಯೇ. ಆಗ ಗಂಟೆ 1.50. ಲ್ಯಾಪ್‌ಟಾಪಿನಲ್ಲೂ ಸಮಯವಲಯವನ್ನು ಯುಟಿಸಿಗೆ ಬದಲಿಸಿ ಓಡಿಸಿದೆ, ಅದೇ ಟೆಸ್ಟ್ ಬಿತ್ತು. ಹಗಲಲ್ಲಿ ಹೀಗೆ ಮಾಡಿದ್ದರೆ ಪಾಸಾಗಿಬಿಡುತ್ತಿತ್ತು.

ಬಿಲ್ಡ್ ಫೈಲಿನಲ್ಲಿ ಏಷ್ಯಾ/ಕೋಲ್ಕತಾ ಎಂದು ಒಂದು ಸಾಲು ಸೇರಿಸಿದರೆ ಸಾಕಿತ್ತು. ಸೇರಿಸಿದೆ, ಹಸಿರೂ ಆಯಿತು. ಆದರೆ ಮನಸ್ಸೊಪ್ಪಲಿಲ್ಲ: ಅದು ಟೆಸ್ಟಿನ ತಪ್ಪನ್ನು ಮುಚ್ಚಿಡುವ ಸಾಲು. ತೆಗೆದೆ. ಟೆಸ್ಟಿಗೆ ಗಡಿಯಾರವನ್ನು ನಾವೇ ಕೈಗೆ ಕೊಡಬೇಕು, ಯಂತ್ರವನ್ನು ಕೇಳಲು ಬಿಡಬಾರದು.

ಬೆಳಗ್ಗೆ ಎಂಟೂವರೆಗೆ ಅಪ್ಪ ಎಂದಿನಂತೆ ಕೊಡೆ ಹಿಡಿದು ಅಂಗಳದ ಮಳೆಮಾಪಕದ ಹತ್ತಿರ ಹೋದರು. ‘ಮೂರಿಂಚು ನಲವತ್ತು ಸೆಂಟು, ಬರ್ಕೋ’ ಎಂದರು. ನಮ್ಮ ಲೆಕ್ಕದಲ್ಲಿ ನೂರು ಸೆಂಟಿಗೆ ಒಂದು ಇಂಚು. ಅಂದರೆ 86 ಮಿಲಿಮೀಟರಿಗೂ ಹೆಚ್ಚು. ನಿನ್ನೆ ಹಗಲು ಬಿದ್ದದ್ದೂ ರಾತ್ರಿ ಸುರಿದದ್ದೂ ಸೇರಿ ಈ ಬೆಳಗಿನ ತಾರೀಖಿಗೆ. ಹವಾಮಾನ ಇಲಾಖೆಯ ಮಳೆ ದಿನವೂ ಎಂಟೂವರೆಯಿಂದ ಎಂಟೂವರೆಗೇ.

ಪೆನ್ನು ಹಿಡಿದವನು ಅಲ್ಲೇ ನಿಂತೆ. ನಮ್ಮ ಆ್ಯಪ್ ಮಧ್ಯರಾತ್ರಿಗೇ ದಿನ ಬದಲಿಸುತ್ತಿತ್ತಲ್ಲ! ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಹಳೆಯ ಟೆಸ್ಟನ್ನು ಅಳಿಸಿ, ಎರಡು ಹೊಸವನ್ನು ಬರೆದೆವು: ಒಂದು 8.29ಕ್ಕೆ, ಇನ್ನೊಂದು 8.31ಕ್ಕೆ.