ಸೇತುಬಂಧದ ಹದಿನೈದು ದಿನ

ಶಾಲಾ ಪ್ರಾರಂಭೋತ್ಸವದ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಸಿಹಿ ಹಂಚಿ ಮಕ್ಕಳನ್ನು ಬರಮಾಡಿಕೊಳ್ಳಬೇಕೆಂಬುದು ಇಲಾಖೆಯ ಪದ್ಧತಿ. ನಮ್ಮ ಶಾಲೆಯಲ್ಲಿ ಆ ತೋರಣವನ್ನು ಕಟ್ಟುವವರು ಮುಖ್ಯಾಧ್ಯಾಪಕಿಯಾದ ಸಿಸ್ಟರ್. ಮೇ ತಿಂಗಳ ಕೊನೆಯ ವಾರ, ಮಳೆ ಇನ್ನೂ ಹಿಡಿಯದ ಒಂದು ಬೆಳಿಗ್ಗೆ, ಅವರು ಸ್ಟೂಲಿನ ಮೇಲೆ ನಿಂತು ಬಾಗಿಲ ಚೌಕಟ್ಟಿನ ಮೊಳೆಗೆ ದಾರ ಸುತ್ತುತ್ತಿದ್ದರು. ಕೆಳಗೆ ಸ್ಟೂಲು ಹಿಡಿದು ನಿಂತ ಆಯಾ, "ಬಲಕ್ಕ ಜರಾ ಇಳಿಸ್ರಿ ಸಿಸ್ಟರ್, ಸೊಟ್ಟ ಆಗೇತಿ" ಎಂದು ಹೇಳುತ್ತಿದ್ದರು. ಅಂಗಳದಲ್ಲಿ ಮರಿಯಾ ಮಾತೆಯ ಗವಿಯ ಮುಂದೆ ರಂಗೋಲಿ ಹಾಕುವ ಕೆಲಸ ಎಂದಿನಂತೆ ನನ್ನ ಪಾಲಿಗೆ ಬಂದಿತ್ತು. ನಾನು ಬೈಲಹೊಂಗಲದ ಕಡೆಯವಳು, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಈ ಶಾಲೆಯಲ್ಲಿ ಕನ್ನಡ ಕಲಿಸಲು ಆರಂಭಿಸಿ 18 ವರ್ಷಗಳಾದವು.

ಕಥೋಲಿಕ ಶಾಲೆ ಎಂದೊಡನೆ ನನ್ನ ಬಂಧುಗಳು "ಕಾನ್ವೆಂಟೇನು? ಹಂಗಾದ್ರ ಇಂಗ್ಲಿಷ್ ಚಲೋ ಇರ್ತೇತಿ" ಎನ್ನುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಬೆಳಗಾವಿಯಲ್ಲಿ ಕಥೋಲಿಕ ಶಿಕ್ಷಣವು ಬ್ರಿಟಿಷರ ದಂಡಿನ ನೆರಳಿನಲ್ಲಿ ಬೆಳೆದದ್ದು. ಕ್ಯಾಂಪ್ ಭಾಗದ ಸೇಂಟ್ ಪಾಲ್ಸ್ ಶಾಲೆ ಆರಂಭವಾದದ್ದು 1856ರಲ್ಲಿ, ಬೆಳಗಾವಿ ಧರ್ಮಪ್ರಾಂತ ಸ್ಥಾಪನೆಯಾದದ್ದು 1953ರಲ್ಲಿ. ಅಂದರೆ ಈ ಊರಿಗೆ ಶಾಲೆ ಮೊದಲು ಬಂದಿತು, ಬಿಷಪ್ಪರು ಬಂದದ್ದು ಸುಮಾರು ನೂರು ವರ್ಷಗಳ ತರುವಾಯ. ಇಷ್ಟು ಹಳೆಯದಾದ ಕೀರ್ತಿಯೊಂದು ಊರಿನ ಕಿವಿಯಲ್ಲಿ ಕುಳಿತಿರುವಾಗ, ಒಂದರಿಂದ ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ನಡೆಯುವ, ಬಿಸಿಯೂಟದ ಒಲೆ ಉರಿಯುವ ನಮ್ಮಂಥ ಚಿಕ್ಕ ಅನುದಾನಿತ ಶಾಲೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ನಮ್ಮಲ್ಲಿ ಕ್ರೈಸ್ತ ಮಕ್ಕಳು ತರಗತಿಗೆ ಐದಾರು ಮಂದಿ ಇದ್ದರೆ ಹೆಚ್ಚು. ಉಳಿದವರು ಗೌಂಡಿ ಕೆಲಸದವರ, ಆಟೋ ಓಡಿಸುವವರ, ತರಕಾರಿ ಮಾರುವವರ, ಮನೆಗೆಲಸಕ್ಕೆ ಹೋಗುವವರ ಮಕ್ಕಳು. ಅವರ ಮನೆಗಳಲ್ಲಿ ಕನ್ನಡವಿದೆ, ಮರಾಠಿಯಿದೆ, ಉರ್ದುವಿದೆ, ಒಂದೆರಡು ಮನೆಗಳಲ್ಲಿ ಕೊಂಕಣಿಯೂ ಇದೆ.

ಹೊಸ ವರ್ಷದ ಮೊದಲ ಹದಿನೈದು ದಿನಗಳನ್ನು ನಾವು ಶಿಕ್ಷಕರು ಸೇತುಬಂಧ ಎನ್ನುತ್ತೇವೆ. ಬೇಸಿಗೆ ರಜೆಯಲ್ಲಿ ಮಕ್ಕಳು ಎಷ್ಟನ್ನು ಮರೆತಿದ್ದಾರೆ, ಹಿಂದಿನ ತರಗತಿಯಲ್ಲಿ ಕಲಿಯಬೇಕಾದದ್ದರಲ್ಲಿ ಎಷ್ಟನ್ನು ಕಲಿತೇ ಇಲ್ಲ ಎಂಬುದನ್ನು ಮೊದಲು ನೈದಾನಿಕ ಪರೀಕ್ಷೆ ಮಾಡಿ ಕಂಡುಕೊಳ್ಳಬೇಕು, ಕೊರತೆಯಿದ್ದಲ್ಲಿ ಮತ್ತೆ ಕಲಿಸಬೇಕು, ಕೊನೆಗೆ ಸಾಫಲ್ಯ ಪರೀಕ್ಷೆ ಮಾಡಿ ಅಂಕಗಳನ್ನು ನಮೂನೆಯಲ್ಲಿ ತುಂಬಬೇಕು. ಒಂದನೆಯ ತರಗತಿಯ ಮಕ್ಕಳಿಗೆ ಈ ಪರೀಕ್ಷೆಗಳಿಲ್ಲ, ಅವರಿಗೆ 72 ದಿನಗಳ ವಿದ್ಯಾಪ್ರವೇಶ ಎಂಬ ಆಟಪಾಟದ ಕಾರ್ಯಕ್ರಮವಿದೆ. ಪಾಲಕರಿಗೆ ಈ ಎರಡರ ಮೇಲೂ ವಿಶ್ವಾಸ ಕಡಿಮೆ. ಜೂನ್ ಮೊದಲ ವಾರವೇ ಗೇಟಿನ ಬಳಿ ನಿಂತು "ಅಕ್ಕೋರ, ಪಾಠ ಯಾವಾಗ ಚಾಲೂ ಮಾಡ್ತೀರಿ?" ಎಂದು ಕೇಳುತ್ತಾರೆ. ಪಾಠ ಚಾಲೂ ಆಗಿದೆ ಎಂದು ನಾನು ಹೇಳಿದರೆ, ಮಗುವಿನ ಪಾಟಿಚೀಲ ತೆರೆದು ಖಾಲಿ ನೋಟ್‌ಬುಕ್ ತೋರಿಸುತ್ತಾರೆ. ಆದರೂ ವರ್ಷದಲ್ಲಿ ನಾನು ಅತ್ಯಂತ ಎಚ್ಚರದಿಂದ ಕೆಲಸ ಮಾಡುವ ದಿನಗಳು ಇವೇ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು.

ಕೆಲಸಕ್ಕೆ ಸೇರಿದ ಮೊದಲ ವರ್ಷ, ಜೂನ್ ತಿಂಗಳಲ್ಲಿ, ಒಂದನೆಯ ತರಗತಿಯ ಹುಡುಗನೊಬ್ಬ ಬಾಗಿಲಿನ ಕಂಬಿ ಹಿಡಿದು "ಆಯಿ, ಆಯಿ" ಎಂದು ಅಳುತ್ತಿದ್ದ. ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಆಯಿ, ಮುತ್ಯಾ ಎಂಬ ಜೋಡಿ ಮಾತನ್ನು ಆಡುತ್ತಲೇ ಬೆಳೆದವಳು ನಾನು. ಮಗು ಅಜ್ಜಿಯ ಕೈಯಲ್ಲಿ ಬೆಳೆದಿರಬೇಕೆಂದು ಊಹಿಸಿ, ಪ್ರವೇಶ ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ, "ಹುಡುಗ ಆಯೀನ ನೆನಸಾಕತ್ತಾನ, ಕಳಿಸಿಕೊಡ್ರಿ" ಎಂದೆ. ಒಂದು ಗಂಟೆಯ ನಂತರ, ಮಂಡಿನೋವಿನ ಮುದುಕಿಯೊಬ್ಬರು ಆ ಮಳೆಯಲ್ಲಿ ಕೊಡೆ ಹಿಡಿದು ಕುಂಟುತ್ತ ಬಂದರು. ಹುಡುಗ ಅವರನ್ನು ಕಂಡು ಇನ್ನಷ್ಟು ಜೋರಾಗಿ ಅತ್ತ. ಮರಾಠಿಯಲ್ಲಿ ಆಯಿ ಎಂದರೆ ತಾಯಿ ಎಂಬುದನ್ನು ಬೆಳಗಾವಿಯಲ್ಲಿ ನಾಯಿಮರಿಗೂ ಗೊತ್ತಿರುವಷ್ಟು ನಿಶ್ಚಯವಾಗಿ ಆ ಅಜ್ಜಿ ನನಗೆ ತಿಳಿಸಿಕೊಟ್ಟರು. ನಂತರ ಸಿಟ್ಟಿಳಿದು ನಕ್ಕರು, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಧ್ಯಾಹ್ನದವರೆಗೆ ತರಗತಿಯಲ್ಲಿಯೇ ಇದ್ದರು. ಅಂದಿನಿಂದ, ಜೂನ್ ತಿಂಗಳಲ್ಲಿ ಯಾವ ಮಗು ಏನೆಂದು ಅತ್ತರೂ, ಅದು ಯಾವ ಭಾಷೆಯ ಅಳು ಎಂದು ಮೊದಲು ವಿಚಾರಿಸುತ್ತೇನೆ.

ಈ ವರ್ಷದ ಮೊದಲ ವಾರ ಹೆಸರುಗಳ ಗೊಂದಲದಲ್ಲಿಯೇ ಹೋಯಿತು. ಮಗುವಿನ ಹೆಸರನ್ನು ಸ್ಯಾಟ್ಸ್ ಎಂಬ, ವಿದ್ಯಾರ್ಥಿಗಳ ವಿವರ ಇಡುವ ಇಲಾಖೆಯ ತಂತ್ರಾಂಶದಲ್ಲಿ ದಾಖಲಿಸಬೇಕು. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಕಾಗುಣಿತ, ಕ್ರೈಸ್ತ ಮಗುವಾದರೆ ದೀಕ್ಷಾಸ್ನಾನದ ಪತ್ರದಲ್ಲಿ ಸಂತರ ಹೆಸರು, ಮನೆಯಲ್ಲಿ ಕರೆಯುವುದು ಇವು ಯಾವುದೂ ಅಲ್ಲದ ಮತ್ತೊಂದು. ಮೊದಲ ದಿನ ಹಾಜರಿ ಕೂಗಿದಾಗ ಕೆಲವು ಮಕ್ಕಳು ತಮ್ಮ ಹೆಸರಿಗೆ ಓಗೊಡದೆ ಸುಮ್ಮನೆ ಕುಳಿತಿರುತ್ತಾರೆ, ಏಕೆಂದರೆ ಆ ಹೆಸರಿನಿಂದ ಅವರನ್ನು ಅದುವರೆಗೆ ಯಾರೂ ಕರೆದಿರುವುದಿಲ್ಲ. ನಾನು ಹಾಜರಿ ಪುಸ್ತಕದ ಅಂಚಿನಲ್ಲಿ ಮನೆಯ ಹೆಸರನ್ನು ಪೆನ್ಸಿಲಿನಿಂದ ಬರೆದುಕೊಳ್ಳುತ್ತೇನೆ. ಜುಲೈ ಮುಗಿಯುವಷ್ಟರಲ್ಲಿ ಅದನ್ನು ಅಳಿಸಬಹುದು.

ಬೆಳಗಿನ ಪ್ರಾರ್ಥನೆಯೂ ಮೊದಲ ವಾರ ದಾರಿಗೆ ಬರುವುದಿಲ್ಲ. ಪ್ರಭುವಿನ ಪ್ರಾರ್ಥನೆ, ಎರಡೂವರೆ ನಿಮಿಷದ ನಾಡಗೀತೆ, ಸಂವಿಧಾನದ ಪ್ರಸ್ತಾವನೆ, ಆನಂತರ ರಾಷ್ಟ್ರಗೀತೆ. ಪ್ರಸ್ತಾವನೆಯನ್ನು ಮುಂದೆ ನಿಂತು ಹೇಳಿಸುವ ಐದನೆಯ ತರಗತಿಯ ಹುಡುಗಿ "ಪ್ರಜಾಸತ್ತಾತ್ಮಕ" ಎಂಬಲ್ಲಿಗೆ ಬಂದಾಗ ಪ್ರತಿದಿನವೂ ಒಮ್ಮೆ ಉಸಿರು ತೆಗೆದುಕೊಳ್ಳುತ್ತಾಳೆ, ಇಡೀ ಸಾಲು ಅವಳೊಂದಿಗೆ ಉಸಿರು ತೆಗೆದುಕೊಂಡು ಆ ಪದವನ್ನು ಹಾರಿ ದಾಟುತ್ತದೆ. ಜೂನ್ ತಿಂಗಳು ಯೇಸುವಿನ ಪವಿತ್ರ ಹೃದಯಕ್ಕೆ ಮೀಸಲಾದ ತಿಂಗಳಾದುದರಿಂದ ಸಭಾಂಗಣದ ಪಟಕ್ಕೆ ಹೂವಿನ ಮಾಲೆ ಹಾಕಿರುತ್ತಾರೆ. ಹೊಸದಾಗಿ ಸೇರಿದ ಹುಡುಗನೊಬ್ಬ ಆ ಪಟವನ್ನೇ ನೋಡುತ್ತ, "ಇವರ ಹೃದಯ ಯಾಕ ಹೊರಗ ಐತ್ರಿ?" ಎಂದು ಗಟ್ಟಿಯಾಗಿ ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಪಕ್ಕದವನು, "ಆಪರೇಷನ್ ಆಗೇತಿ" ಎಂದ. ಸಿಸ್ಟರ್ ಮುಖ ತಿರುಗಿಸಿಕೊಂಡರು. ಅವರ ಹೆಗಲು ಅಲುಗುತ್ತಿದ್ದುದು ನಮಗೆಲ್ಲ ಕಾಣುತ್ತಿತ್ತು.

ವರ್ಷಾರಂಭದ ಪವಿತ್ರಾತ್ಮರ ಬಲಿಪೂಜೆ ಎರಡನೆಯ ಶುಕ್ರವಾರ ನಡೆಯಿತು. ಕ್ರೈಸ್ತ ಮಕ್ಕಳಿಗೂ ಶಿಕ್ಷಕಿಯರಿಗೂ ಅದು ಕರ್ತವ್ಯ, ಉಳಿದವರಿಗೆ ಅವರವರ ಇಷ್ಟ. ನಾನು ಪ್ರತಿವರ್ಷ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತೇನೆ. ಈ ಊರಿನ ಚರ್ಚುಗಳಲ್ಲಿ ಇಂಗ್ಲಿಷ್, ಕೊಂಕಣಿ, ಮರಾಠಿ, ಕನ್ನಡ ಎಲ್ಲದರಲ್ಲಿಯೂ ಪೂಜೆ ನಡೆಯುವುದುಂಟು. ಶಾಲೆಯ ಪೂಜೆ ಕನ್ನಡದ್ದು. ಫಾದರ್ ಪ್ರಸಂಗವನ್ನು ಕನ್ನಡದಲ್ಲಿ ಆರಂಭಿಸಿ, ಮುಂದಿನ ಸಾಲಿನ ತಾಯಂದಿರ ಮುಖ ನೋಡಿ, ಅದೇ ಮಾತನ್ನು ಮರಾಠಿಯಲ್ಲಿ ಒಮ್ಮೆ ಹೇಳಿ ಮತ್ತೆ ಕನ್ನಡಕ್ಕೆ ಮರಳುತ್ತಾರೆ. ತಗಡಿನ ಮೇಲೆ ಮಳೆ ಬಡಿದಾಗ ಎರಡೂ ಕೇಳಿಸುವುದಿಲ್ಲ.

ವಾರದಲ್ಲಿ ಎರಡು ಅವಧಿ ತರಗತಿಗಳು ಇಬ್ಭಾಗವಾಗುತ್ತವೆ. ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋಗುತ್ತಾರೆ, ಉಳಿದವರಿಗೆ ಮೌಲ್ಯ ಶಿಕ್ಷಣ. ಪಾಲಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ, ನಮ್ಮ ಆಡಳಿತ ಮಂಡಳಿಯೂ ಅದನ್ನು ಅಕ್ಷರಶಃ ಪಾಲಿಸುತ್ತದೆ. ಆದರೆ ಎರಡನೆಯ ತರಗತಿಯ ಮಕ್ಕಳಿಗೆ ವಿಧಿಗಿಂತ ಬೆಂಚು ಮುಖ್ಯ. ಜೊತೆಗಾರ್ತಿ ಎದ್ದು ಹೋದಳೆಂದು ಇನ್ನೊಬ್ಬಳು ಚೀಲ ಹೆಗಲಿಗೇರಿಸಿ ಹಿಂದೆಯೇ ನಡೆದುಬಿಡುತ್ತಾಳೆ. ಅವಳನ್ನು ಬಾಗಿಲಿನಿಂದ ಕರೆತಂದು, ನಲವತ್ತು ನಿಮಿಷಗಳಲ್ಲಿ ಗೆಳತಿ ಮರಳಿ ಬರುತ್ತಾಳೆಂದು ನಂಬಿಸುವುದು ಪ್ರತಿವರ್ಷ ನಾನು ಮಾಡಲೇಬೇಕಾದ ಕೆಲಸ. ಇದರಲ್ಲಿ ಮನಸ್ಸಿಗೆ ಒಂದಿಷ್ಟು ಕಸಿವಿಸಿಯೂ ಇದೆ. ನಿಯಮ ಸರಿಯಾದದ್ದೇ, ಆದರೂ ನೀವು ಬೇರೆ, ಅವರು ಬೇರೆ ಎಂಬುದನ್ನು ಮಗುವಿಗೆ ಮೊದಲು ತಿಳಿಸಿಕೊಡುವ ಬಾಯಿ ನನ್ನದಾಗುತ್ತದೆ.

ಜೂನ್ 13 ಸಂತ ಅಂತೋನಿಯವರ ಹಬ್ಬ. ಬಡವರಿಗೆ ರೊಟ್ಟಿ ಹಂಚುವ ಹಳೆಯ ಸಂಪ್ರದಾಯವನ್ನು ಅನುಸರಿಸಿ, ಫಾದರ್ ಆಶೀರ್ವದಿಸಿದ ಬನ್ನುಗಳನ್ನು ನಮ್ಮಲ್ಲಿ ಎಲ್ಲ ಮಕ್ಕಳಿಗೂ ಕೊಡುತ್ತಾರೆ. ಬೇಕರಿಯ ಬಿಸಿ ಬನ್ನಿನ ಪರಿಮಳ ಹರಡಿದಾಗ ಸೇತುಬಂಧವಾಗಲಿ ಬೇರೆ ಯಾವ ಬಂಧವಾಗಲಿ ನಿಲ್ಲುವುದಿಲ್ಲ. ಅರ್ಧ ತಿಂದು ಉಳಿದರ್ಧವನ್ನು ಮನೆಯಲ್ಲಿರುವ ತಮ್ಮನಿಗೆಂದು ಕಂಪಾಸ್ ಪೆಟ್ಟಿಗೆಯೊಳಗೆ ಒತ್ತಿ ತುಂಬಿಕೊಂಡ ಮಕ್ಕಳನ್ನು ಪ್ರತಿವರ್ಷ ಕಾಣುತ್ತೇನೆ.

ಜೇಷ್ಠ ಮಾಸದ ಹುಣ್ಣಿಮೆಯ ದಿನ ಮಾತ್ರ ಶಾಲೆ ಬಣಗುಡುತ್ತದೆ. ಕನ್ನಡಿಗರಿಗೆ ಅದು ಕಾರಹುಣ್ಣಿಮೆ. ಹಳ್ಳಿಯ ಅಜ್ಜನ ಮನೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳಿಯುವುದನ್ನೂ ಸಂಜೆ ಎತ್ತುಗಳನ್ನು ಓಡಿಸಿ ಕರಿ ಹರಿಯುವುದನ್ನೂ ನೋಡಲು ಮಕ್ಕಳು ಹೋಗಿರುತ್ತಾರೆ. ಮರಾಠಿ ಮನೆಗಳಲ್ಲಿ ಅದೇ ದಿನ ವಟಪೌರ್ಣಿಮೆ. ತಾಯಂದಿರು ಹೊಸ ಸೀರೆಯುಟ್ಟು ಆಲದ ಮರಕ್ಕೆ ದಾರ ಸುತ್ತಲು ಹೊರಡುವಾಗ ಮಕ್ಕಳನ್ನೂ ಕರೆದೊಯ್ಯುತ್ತಾರೆ. ಒಂದೇ ಚಂದ್ರನಿಂದಾಗಿ ನನ್ನ ತರಗತಿಯ ಎರಡೂ ಭಾಗಗಳು ಖಾಲಿಯಾಗುತ್ತವೆ. ಹಾಜರಾತಿ ಕುಸಿದದ್ದಕ್ಕೆ ಕಾರಣ ಬರೆಯಬೇಕಾಗಿ ಬಂದರೆ "ಸ್ಥಳೀಯ ಹಬ್ಬ" ಎಂದು ಬರೆಯುತ್ತೇನೆ. ಉಳಿದ ಏಳೆಂಟು ಮಕ್ಕಳೊಂದಿಗೆ ಆ ದಿನ ಆಡುವ ಮಾತುಗಳಲ್ಲಿ ನಾನು ತಿಳಿದುಕೊಳ್ಳುವಷ್ಟನ್ನು ಯಾವ ನಮೂನೆಯೂ ನನಗೆ ತಿಳಿಸಿಲ್ಲ.

ನಮೂನೆಯ ಮಾತಿಗೆ ಬರುತ್ತೇನೆ. ಈ ವರ್ಷ ಎರಡನೆಯ ತರಗತಿಗೆ ಒಬ್ಬಳು ಹುಡುಗಿ ಚಂದಗಡದ ಕಡೆಯಿಂದ ಬಂದಿದ್ದಾಳೆ. ಗಡಿಯಾಚೆಯ ಮರಾಠಿ ಶಾಲೆಯಲ್ಲಿ ಒಂದನೆಯ ತರಗತಿ ಮುಗಿಸಿದವಳು. ತಂದೆಗೆ ಇಲ್ಲಿ ಕೆಲಸ ಸಿಕ್ಕಿದ್ದರಿಂದ ಕುಟುಂಬ ಬೆಳಗಾವಿಗೆ ಬಂದಿದೆ. ನೈದಾನಿಕ ಪರೀಕ್ಷೆಯ ಮೌಖಿಕ ಭಾಗದಲ್ಲಿ ಹತ್ತು ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸಬೇಕು. ಆಕಳಿನ ಚಿತ್ರಕ್ಕೆ ಅವಳು "ಗಾಯ್" ಎಂದಳು, ಹೂವಿಗೆ "ಫೂಲ್", ಮರಕ್ಕೆ "ಝಾಡ್", ಅಜ್ಜಿಗೆ "ಆಜೀ". ಹತ್ತಕ್ಕೆ ಹತ್ತೂ ಅವಳಿಗೆ ಗೊತ್ತಿದ್ದವು, ಒಂದು ಕ್ಷಣವೂ ತಡವರಿಸಲಿಲ್ಲ. ಆದರೆ ನಮೂನೆಯಲ್ಲಿ ಸರಿ, ತಪ್ಪು ಎಂಬ ಎರಡು ಕಲಮುಗಳು ಮಾತ್ರ ಇವೆ. ಬೇರೆ ಭಾಷೆಯಲ್ಲಿ ಗೊತ್ತಿದೆ ಎಂಬ ಮೂರನೆಯ ಕಲಮು ಇಲ್ಲ. ಅವಳಿಗೆ ಸೊನ್ನೆ ಹಾಕಿದರೆ ಏನೂ ತಿಳಿಯದ ಮಗುವಿಗೂ ಅವಳಿಗೂ ವ್ಯತ್ಯಾಸವೇ ಉಳಿಯುವುದಿಲ್ಲ, ಅಂಕ ಕೊಟ್ಟರೆ ಕನ್ನಡ ಕಲಿಸುವ ನನ್ನ ಹೊಣೆ ತಪ್ಪುತ್ತದೆ. ಸೊನ್ನೆಯನ್ನೇ ಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ "10, ಮರಾಠಿ" ಎಂದು ಬರೆದೆ. ಇದೇ ಪರೀಕ್ಷೆಯಲ್ಲಿ ಕನ್ನಡ ಮನೆಗಳ ಮಕ್ಕಳು ಮರದ ಚಿತ್ರಕ್ಕೆ "ಗಿಡ" ಎಂದಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ಸೀಮೆಯಲ್ಲಿ ಆಲದ ಮರವೂ ಗಿಡವೇ. ಉತ್ತರಸೂಚಿಯ ಪ್ರಕಾರ ಅವರೂ ತಪ್ಪು.

ಆಮೇಲಿನ ದಿನಗಳಲ್ಲಿ ಅವಳಿಗೆ ನಾನು ವಿಶೇಷವಾಗಿ ಏನನ್ನೂ ಕಲಿಸಲಿಲ್ಲ. ಬಿಸಿಯೂಟದ ಸಾಲಿನಲ್ಲಿ ಕನ್ನಡ ಮಾತಾಡುವ ಇಬ್ಬರು ಹುಡುಗಿಯರ ನಡುವೆ ಕೂರಿಸಿದೆ, ಅಷ್ಟೇ. ಮೊಟ್ಟೆಯೋ ಬಾಳೆಹಣ್ಣೋ ಎಂದು ಬಡಿಸುವವರು ಕೇಳಿದಾಗ ಉತ್ತರ ಕೊಡಲೇಬೇಕಾದ ಜಾಗ ಅದು. "ತತ್ತಿ" ಎಂಬ ಮಾತು ಎರಡನೆಯ ದಿನವೇ ಅವಳ ಬಾಯಿಗೆ ಬಂದಿತು.

ಸಾಫಲ್ಯ ಪರೀಕ್ಷೆ ಕಳೆದ ಶನಿವಾರ ಮುಗಿಯಿತು. ಆಕಳು, ಹೂವು, ಮನೆ ಎಂದು ಸರಸರನೆ ಹೇಳುತ್ತ ಬಂದವಳು ಅಜ್ಜಿಯ ಚಿತ್ರಕ್ಕೆ "ಅಜ್ಜಿ" ಎಂದಳು. ನಂತರ ಅದರ ಮೇಲೆ ಬೆರಳಿಟ್ಟುಕೊಂಡೇ, "ನಮ್ಮನ್ಯಾಗ ಆಜೀ ಅಂತೀವಿ. ನಿಮ್ಮನ್ಯಾಗ ಏನಂತೀರಿ ಟೀಚರ್?" ಎಂದು ಕೇಳಿದಳು.

"ಆಯಿ ಅಂತೀವಿ" ಎಂದೆ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. "ಆಯಿ ಅಂದ್ರ ಅವ್ವ, ಟೀಚರ್" ಎಂದು, ತಪ್ಪು ಹೇಳಿದ ಮಗುವನ್ನು ತಿದ್ದುವಾಗ ನಾನು ಬಳಸುವ ದನಿಯಲ್ಲಿಯೇ ಹೇಳಿದಳು.

ಹತ್ತರಲ್ಲಿ ಒಂಬತ್ತು ಬಂದವು. ಮರದ ಚಿತ್ರಕ್ಕೆ ಅವಳು ಈಗ "ಗಿಡ" ಎನ್ನುತ್ತಾಳೆ. ಸೋಮವಾರದಿಂದ ಪುಸ್ತಕದ ಮೊದಲ ಪಾಠ.