ಕಾರ್ಡ್ ಬದಲಾಯಿತು, ಫ್ರೇಮ್ ಬದಲಾಗಲಿಲ್ಲ

ದಿನವಿಡೀ ಊರವರ ಜಿಎಸ್‌ಟಿ ಲೆಕ್ಕ ಸರಿಮಾಡುವ ನಾನು ಕಂಪ್ಯೂಟರ್ ಆಟಕ್ಕೆಂದು ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೋಗಿ ಸ್ವಂತದ ಇಪ್ಪತ್ತು ಸಾವಿರದ ಲೆಕ್ಕದಲ್ಲಿ ಎಡವಿದ ಕತೆ ಇದು. ಹೆಂಡತಿಗೆ ಪೂರ್ತಿ ಗೊತ್ತಿಲ್ಲ. ಅವಳು ಇದನ್ನೆಲ್ಲ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ 24 ಇಂಚಿನ, ಸೆಕೆಂಡಿಗೆ 165 ಬಾರಿ ಚಿತ್ರ ಬದಲಿಸುವ, ಅಂದರೆ 165 ಹರ್ಟ್ಸ್‌ನ ಮಾನಿಟರ್ ತಂದೆ. ಅಲ್ಲಿಯವರೆಗೆ ನನ್ನದು ಕಚೇರಿಯವರು ಹಳತೆಂದು ಮಾರಿದ 60 ಹರ್ಟ್ಸ್‌ನ ಪರದೆ. ಹೊಸದನ್ನು ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ 165 ಎಂದು ಆರಿಸಿ, ಮೌಸನ್ನು ಗರಗರ ತಿರುಗಿಸಿದೆ. ಹಳೆಯದರಲ್ಲಿ ಬಾಣದ ಗುರುತು ಅಲ್ಲೊಂದು ಇಲ್ಲೊಂದು ನೆಗೆಯುತ್ತಿತ್ತು. ಇದರಲ್ಲಿ ಒತ್ತಾಗಿ ಕಟ್ಟಿದ ಮಲ್ಲಿಗೆ ದಂಡೆಯಂತೆ ಸುತ್ತು ಬಂತು. 60 ಹರ್ಟ್ಸ್‌ನಲ್ಲಿ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಾಗುತ್ತದೆ, 165ರಲ್ಲಿ ಸುಮಾರು 6 ಮಿಲಿಸೆಕೆಂಡಿಗೊಮ್ಮೆ. ಕಣ್ಣಿಗೆ ಅದೆಲ್ಲಿ ತಿಳಿಯುತ್ತದೆ ಎನ್ನುವವರು ಒಮ್ಮೆ ಮೌಸ್ ತಿರುಗಿಸಿ ನೋಡಲಿ.

ಆದರೆ ಕೌಂಟರ್-ಸ್ಟ್ರೈಕ್ 2 ಆಟ ತೆರೆದರೆ ಪರದೆಯ ಮೂಲೆಯ ಫ್ರೇಮ್ ಲೆಕ್ಕ, ಅಂದರೆ ಕಂಪ್ಯೂಟರ್ ಸೆಕೆಂಡಿಗೆ ಬಿಡಿಸುವ ಚಿತ್ರಗಳ ಲೆಕ್ಕ, 90ರ ಆಸುಪಾಸಿನಲ್ಲೇ ಕುಂಟುತ್ತಿತ್ತು. ಮಾನಿಟರ್ 165 ಚಿತ್ರ ತೋರಿಸಲು ಸಿದ್ಧ, ಒಳಗಿನಿಂದ ಬರುವುದು 90. ನನ್ನ ಸಂಶಯವೆಲ್ಲ ಚಿತ್ರ ಬಿಡಿಸುವ ಹಳೆಯ ಜಿಟಿಎಕ್ಸ್ 1050 ಟಿಐ ಕಾರ್ಡಿನ ಮೇಲೆ. ಮೂರು ವಾರ ವಿಡಿಯೊ ನೋಡಿ, ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ, ಆರ್‌ಎಕ್ಸ್ 6600 ಆರಿಸಿದೆ. ಆಯ್ಕೆಯಲ್ಲಿ ತಪ್ಪಿರಲಿಲ್ಲ. 8 ಜಿಬಿ ಮೆಮೊರಿ, 132 ವಾಟ್ ಸಾಕು, ಎಂಟು ಪಿನ್ನಿನ ಒಂದೇ ವೈರು. ಕಂಪ್ಯೂಟರಿಗೆ ವಿದ್ಯುತ್ ಕೊಡುವ ನನ್ನ 450 ವಾಟ್‌ನ ಎಸ್‌ಎಂಪಿಎಸ್ ಬದಲಿಸುವ ಗೋಜಿರಲಿಲ್ಲ. ಭಾನುವಾರ ಮಧ್ಯಾಹ್ನ ಕೂರಿಸಿ, ಡ್ರೈವರ್ ಹಾಕಿ, ಆಟ ತೆರೆದೆ.

90.

ಕಾರ್ಡನ್ನು ಕಿತ್ತು ಮತ್ತೆ ಕೂರಿಸಿದೆ. 92. ಆ ಎರಡನ್ನು ಯಾವ ಖಾತೆಗೆ ಜಮಾ ಮಾಡಲಿ?

ಮಾರನೆಯ ರಾತ್ರಿ, ಮಗಳು ಮಲಗಿದ ಮೇಲೆ, ಇಪ್ಪತ್ತು ಸಾವಿರ ಕೊಡುವ ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಮಾಡಿದೆ. ಆಟದ ರೆಸಲ್ಯೂಶನ್ನನ್ನು, ಅಂದರೆ ಚಿತ್ರದ ಚುಕ್ಕಿಸಾಲುಗಳನ್ನು, 1080ರಿಂದ 720ಕ್ಕೆ ಇಳಿಸಿದೆ. ಚಿತ್ರ ಮಸುಕಾಯಿತು, ಲೆಕ್ಕ ಮಾತ್ರ ಅಲ್ಲಾಡಲಿಲ್ಲ. ಅಂದರೆ ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆಯಾದರೂ ಫ್ರೇಮ್ ಹೆಚ್ಚಲಿಲ್ಲ. ತಡ ಮಾಡುತ್ತಿದ್ದದ್ದು ಕಾರ್ಡ್ ಅಲ್ಲ, ನಾಲ್ಕು ಕೋರಿನ ನನ್ನ ಐ5-4460 ಪ್ರೊಸೆಸರ್.

ದಾವಣಗೆರೆಯವನಿಗೆ ಇದು ಬೆಣ್ಣೆ ದೋಸೆಯ ಅಂಗಡಿಯ ಮಾತಾಗಿಯೇ ಅರ್ಥವಾಗುತ್ತದೆ. ಪ್ರೊಸೆಸರ್ ಹಿಟ್ಟು ರುಬ್ಬಿ ಕೊಡುವವನು, ಕಾರ್ಡ್ ಕಾವಲಿ. ದೋಸೆ ದೊಡ್ಡದಾದಷ್ಟೂ ಕಾವಲಿಗೆ ಭಾರ. 1080ರಲ್ಲಿ ಚಿತ್ರವೊಂದಕ್ಕೆ ಸುಮಾರು 20.7 ಲಕ್ಷ ಚುಕ್ಕಿ, 1440ರಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಆದರೆ ಹಿಟ್ಟೇ ನಿಧಾನವಾಗಿ ಬರುತ್ತಿದ್ದರೆ ಕಾವಲಿ ಎಷ್ಟು ಅಗಲವಿದ್ದು ಏನು ಬಂತು? ನಾನು ಮಾಡಿದ್ದು ಹೊಸ ಕಾವಲಿ ತಂದು ಅದನ್ನು ಖಾಲಿ ಕಾಯಿಸಿದ್ದು.

ಆರು ತಿಂಗಳು ಕಾದು ರೈಜೆನ್ 5 5600 ಪ್ರೊಸೆಸರ್, ಅದಕ್ಕೊಂದು ಮದರ್‌ಬೋರ್ಡ್, 16 ಜಿಬಿ ರ‍್ಯಾಮ್ ತಂದೆ. (ಹೆಂಡತಿಗೆ ಗೊತ್ತಿಲ್ಲದ ಭಾಗ ಇದು.) ಅದೇ ಕಾರ್ಡಿನಲ್ಲಿ 180 ದಾಟಿತು. ಈಗ ಫ್ರೀಸಿಂಕ್ ಹಾಕಿ ಫ್ರೇಮನ್ನು 160ಕ್ಕೆ ಕಟ್ಟಿಹಾಕಿದ್ದೇನೆ. ಫ್ರೀಸಿಂಕ್ ಇದ್ದರೆ ಕಾರ್ಡಿನ ವೇಗಕ್ಕೆ ಮಾನಿಟರ್ ಹೆಜ್ಜೆ ಹಾಕುತ್ತದೆ, ಪರದೆಯ ಮೇಲರ್ಧ ಒಂದು ಕಡೆ, ಕೆಳಗರ್ಧ ಇನ್ನೊಂದು ಕಡೆ ಹರಿದಂತೆ ಕಾಣುವುದಿಲ್ಲ. 165ರ ಗಡಿ ಮುಟ್ಟಿದರೆ ಆ ಹೊಂದಾಣಿಕೆ ತಪ್ಪುತ್ತದೆ, ಆದ್ದರಿಂದ ಒಂದಿಷ್ಟು ಕೆಳಗೆ.

ಇದೆಲ್ಲ ನೆನಪಾದದ್ದು ಹುಬ್ಬಳ್ಳಿಯಲ್ಲಿ ಓದುತ್ತಿರುವ ಅಕ್ಕನ ಮಗ ಕಳೆದ ವಾರ ಫೋನ್ ಮಾಡಿದ್ದರಿಂದ. "ಮಾಮಾ, 240 ಹರ್ಟ್ಸ್ ತೆಗೆದುಕೊಳ್ಳಲೋ, 4ಕೆ ತೆಗೆದುಕೊಳ್ಳಲೋ?" ಏನು ಆಡುತ್ತೀಯ ಎಂದೆ. ಎಲ್ಡೆನ್ ರಿಂಗ್ ಅಂತೆ. ಆ ಆಟವನ್ನು ಮಾಡಿದವರೇ 60 ಫ್ರೇಮಿಗೆ ಬೀಗ ಹಾಕಿದ್ದಾರೆ. 240 ಹರ್ಟ್ಸ್‌ನ ಪರದೆಯಲ್ಲೂ ಅದು 60ರಲ್ಲೇ ಓಡುತ್ತದೆ. ಇನ್ನು 4ಕೆ ಎಂದರೆ 1080ರ ನಾಲ್ಕು ಪಟ್ಟು ಚುಕ್ಕಿ, ಅವನ ಬಳಿ ಇರುವುದು 4 ಜಿಬಿಯ ಜಿಟಿಎಕ್ಸ್ 1650. ವ್ಯಾಲೊರಂಟ್ ಎಂಬ ವೇಗದ ಶೂಟಿಂಗ್ ಆಟ ಆಡುವ ಗೆಳೆಯನಾಗಿದ್ದರೆ ಸಲಹೆ ಬೇರೆ ಕೊಡುತ್ತಿದ್ದೆ, ಅಲ್ಲಿ ಹರ್ಟ್ಸ್‌ಗೆ ಬೆಲೆಯಿದೆ. ಇವನಿಗೆ ಬಣ್ಣ ಚೆನ್ನಾಗಿರುವ 1440ರ ಐಪಿಎಸ್ ಪರದೆ ಸಾಕು, ಹರ್ಟ್ಸ್ ಎಷ್ಟು ಸಿಕ್ಕಿದರೆ ಅಷ್ಟು. "ಬಾಕ್ಸಿನ ಮೇಲೆ 1 ಎಂಎಸ್ ಎಂದು ಬರೆದಿದೆ" ಎಂದ, ಚುಕ್ಕಿ ಬಣ್ಣ ಬದಲಿಸಲು ಒಂದೇ ಮಿಲಿಸೆಕೆಂಡ್ ಎಂದು ಅದರ ಅರ್ಥ. ಎಲ್ಲ ಬಾಕ್ಸಿನ ಮೇಲೂ ಬರೆದಿರುತ್ತದೆ, ಬಿಡು ಎಂದೆ.

ಖರೀದಿಗೆ ಮೊದಲು 720ಕ್ಕೆ ಇಳಿಸಿ ನೋಡು ಎಂದು ಹೇಳಿದ್ದೆ. ನಿನ್ನೆ ರಾತ್ರಿ ಸಂದೇಶ ಬಂತು: 1080ರಲ್ಲಿ 38, 720ರಲ್ಲಿ 57. ಅವನಲ್ಲಿ ಹಿಟ್ಟಿಗೆ ಕೊರತೆಯಿಲ್ಲ, ಕಾವಲಿಯೇ ಚಿಕ್ಕದು. ಮಾನಿಟರ್ ಯೋಚನೆಯನ್ನು ಸದ್ಯಕ್ಕೆ ಬದಿಗಿಡು, ಹೊಸ ಕಾರ್ಡಿಗೆ ವಾಟ್ ಸಾಕೇ ನೋಡೋಣ, ಎಸ್‌ಎಂಪಿಎಸ್ ಮೇಲಿನ ಚೀಟಿಯ ಫೋಟೊ ಕಳಿಸು ಎಂದಿದ್ದೇನೆ. ಇನ್ನೂ ಕಳಿಸಿಲ್ಲ. ಕ್ಯಾಬಿನೆಟ್ ಬಿಚ್ಚಲು ಸ್ಕ್ರೂಡ್ರೈವರ್ ಹುಡುಕುತ್ತಿದ್ದಾನಂತೆ.